ಹೆಲೀನ್ ಹಾದುಹೋದ ಬೆಟ್ಟಗಳಿಗೆ ಮೋಟರ್‌ಹೋಮ್‌ನಲ್ಲಿ ಹೋಗಬಹುದೇ?

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಷಾರ್ಲಟ್ ನಗರದಲ್ಲಿರುವ ಓದುಗರೊಬ್ಬರು ಬರೆದ ಪತ್ರದ ಸಾರ ಇದು:

"ಮಡಿಕೇರಿಯಿಂದ ಅಪ್ಪ ಅಮ್ಮ ಬಂದಿದ್ದಾರೆ. ನಾವಿಬ್ಬರು, ಮಕ್ಕಳಿಬ್ಬರು ಸೇರಿ ಒಟ್ಟು ಆರು ಜನ. ಅಕ್ಟೋಬರ್‌ನಲ್ಲಿ ಎಲೆಗಳ ಬಣ್ಣ ತಿರುಗುವಾಗ 30 ಅಡಿಯ ಮೋಟರ್‌ಹೋಮ್ (ಮಲಗಲು, ಅಡುಗೆಗೆ ಜಾಗವಿರುವ ಮನೆಗಾಡಿ) ಬಾಡಿಗೆಗೆ ಹಿಡಿದು ಒಂದು ವಾರ ಸುತ್ತುವ ಆಸೆ. ಚಿಮ್ನಿ ರಾಕ್, ಅಲ್ಲಿಂದ ಆಶ್‌ವಿಲ್, ಬ್ಲೂ ರಿಡ್ಜ್ ಪಾರ್ಕ್‌ವೇ ಎಂಬ ಬೆಟ್ಟದ ರಸ್ತೆಯಲ್ಲಿ ಚೆರೋಕೀ, ಸ್ಮೋಕಿ ಬೆಟ್ಟ ದಾಟಿ ಗ್ಯಾಟ್ಲಿನ್‌ಬರ್ಗ್, ಕೊನೆಗೆ ಐ-40 ಹೆದ್ದಾರಿಯಲ್ಲಿ ವಾಪಸ್. ರಾತ್ರಿ ಹೊಳೆ ಪಕ್ಕದ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ತಂಗುವುದು. ಹೆಲೀನ್ ಚಂಡಮಾರುತದ ಪ್ರವಾಹ ಆದ ಜಾಗ ಅಲ್ವಾ, ರಸ್ತೆಗಳು ಸರಿಯಾಗಿವೆಯೇ? ಇನ್ನೊಂದು ವಿಷಯ. ಅಪ್ಪ ಅಮ್ಮ 2018ರ ಕೊಡಗನ್ನು ಕಣ್ಣಾರೆ ಕಂಡವರು. 'ಜನ ಮನೆ ಕಳಕೊಂಡ ಊರಿಗೆ ನಾವು ಮಜಾ ಮಾಡೋಕೆ ಹೋಗೋದಾ?' ಅಂತ ಅಮ್ಮ ಕೇಳುತ್ತಿದ್ದಾರೆ. ಅವರಿಗೆ ಮಂಡಿನೋವು ಬೇರೆ."

ಸಂಪಾದಕರ ಉತ್ತರ

ನಿಮ್ಮ ತಾಯಿಯವರ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕು. ಅದು ಇತ್ಯರ್ಥವಾಗದೆ ಹೊರಟರೆ ಒಂದು ವಾರ ಗಾಡಿಯಲ್ಲಿ ಯಾರಿಗೂ ನೆಮ್ಮದಿ ಇರುವುದಿಲ್ಲ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಕಿತ್ತುಹೋದಾಗ, ಪ್ರವಾಸಿಗರು ಬರಬಾರದು ಎಂದು ಜಿಲ್ಲಾಡಳಿತವೇ ಹೇಳಿತ್ತು. ಆಗ ಹೋಗಿದ್ದರೆ ತಪ್ಪೇ. ಆದರೆ ರಸ್ತೆ ತೆರೆದ ಮೇಲೂ ಜನ ಹೆದರಿ ದೂರ ಉಳಿದರು. ಹೋಂಸ್ಟೇ ನಡೆಸುವವರು, ಜೀಪ್ ಓಡಿಸುವವರು, ಕಾಫಿಪುಡಿ, ಜೇನು ಮಾರುವವರು ಎಷ್ಟು ಒದ್ದಾಡಿದರು ಎಂಬುದು ನಿಮ್ಮ ತಂದೆ ತಾಯಿಗೆ ನಮಗಿಂತ ಚೆನ್ನಾಗಿ ಗೊತ್ತು. ನಾರ್ತ್ ಕ್ಯಾರೊಲೈನಾದಲ್ಲೂ ಹೀಗೇ ಆಯಿತು. ಪ್ರವಾಹದ ಮರುದಿನ, 2024ರ ಸೆಪ್ಟೆಂಬರ್ 28ರಂದು, ರಾಜ್ಯದ ಪಶ್ಚಿಮ ಭಾಗದ ರಸ್ತೆಗಳೆಲ್ಲ ಮುಚ್ಚಿವೆ ಎಂದೇ ತಿಳಿಯಿರಿ ಎಂದು ಸಾರಿಗೆ ಇಲಾಖೆ ಹೇಳಿತು. ಅಲ್ಲಿಯವರ ವರ್ಷದ ಸಂಪಾದನೆಗೆ ಅಕ್ಟೋಬರ್ ದೊಡ್ಡ ತಿಂಗಳು. ಆ ವರ್ಷ ಅದು ಪೂರ್ತಿ ಕೈತಪ್ಪಿತು. ಈಗ ಅದೇ ಊರಿನವರು ದಯವಿಟ್ಟು ಬನ್ನಿ ಎನ್ನುತ್ತಿದ್ದಾರೆ. ಹಾಗಾಗಿ ಹೋಗಿ. ಅಲ್ಲೇ ಊಟ ಮಾಡಿ, ಅಲ್ಲೇ ಏನಾದರೂ ಕೊಳ್ಳಿ. ಆಶ್‌ವಿಲ್‌ನ ರಿವರ್ ಆರ್ಟ್ಸ್ ಡಿಸ್ಟ್ರಿಕ್ಟ್‌ನಲ್ಲಿ ನೀರು ನುಗ್ಗಿ ಎಷ್ಟೋ ಕಲಾವಿದರು ಸ್ಟುಡಿಯೊ ಕಳಕೊಂಡರು. ಮತ್ತೆ ಬಾಗಿಲು ತೆರೆದವರಿದ್ದಾರೆ. ಅವರ ಹತ್ತಿರ ಒಂದು ಮಡಕೆ ಕೊಂಡರೂ ಆಯಿತು. ಮುರಿದ ಮನೆಗಳ ಮುಂದೆ ನಿಂತು ಸೆಲ್ಫಿ ತೆಗೆಯಬೇಡಿ ಎಂದು ಕೊಡಗಿನವರಿಗೆ ನಾನು ಹೇಳಬೇಕಿಲ್ಲ.

ಇನ್ನು ನಿಮ್ಮ ಪ್ಲಾನು. ಹೋಗಿ ಎಂದೆನಲ್ಲ, ಈ ಪ್ಲಾನಿನಲ್ಲಿ ಮಾತ್ರ ಬೇಡ.

ರಸ್ತೆ ತೆರೆದಿದೆಯೇ ಎಂದು ಕೇಳಿದ್ದೀರಿ. ಕಾರಿನವರಿಗೆ ಅಷ್ಟು ಸಾಕು. 30 ಅಡಿ ಗಾಡಿಯವರು ಇನ್ನೊಂದು ಪ್ರಶ್ನೆ ಕೇಳಬೇಕು: ಮುಂದೆ ರಸ್ತೆ ಮುಚ್ಚಿದ್ದರೆ ನಾನು ಹಿಂದಕ್ಕೆ ತಿರುಗುವುದು ಎಲ್ಲಿ? ಬೆಟ್ಟದ ರಸ್ತೆಯಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಹೊಳೆ. ಹಿಂದೆ ಹತ್ತು ಕಾರು. ಬಾಡಿಗೆ ಗಾಡಿ, ಓಡಿಸುವವರಿಗೆ ಅದು ಹೊಸದು. ಪ್ರವಾಹ ಬಂದುಹೋದ ಸೀಮೆಯಲ್ಲಿ ಬೆಳಗ್ಗೆ ತೆರೆದಿದ್ದ ರಸ್ತೆ ಮಧ್ಯಾಹ್ನದ ಮಳೆಗೆ ಮುಚ್ಚುವುದುಂಟು.

ಅಲ್ಲಿ ಆಗಿದ್ದೇನು ಅಂತ ನೋಡಿದರೆ ಇದು ಅರ್ಥವಾಗುತ್ತದೆ. ಹೆಲೀನ್ ಫ್ಲಾರಿಡಾದ ತೀರ ಮುಟ್ಟಿದ್ದು ಸೆಪ್ಟೆಂಬರ್ 26ರ ರಾತ್ರಿ. ಅದು ಬೆಟ್ಟಗಳಿಗೆ ಬರುವ ಮುಂಚೆಯೇ ಅಲ್ಲಿ ಜೋರು ಮಳೆ ಸುರಿದು ನೆಲ ನೆನೆದಿತ್ತು. 27ರ ಬೆಳಗ್ಗೆ ಚಂಡಮಾರುತದ ಮಳೆಯೂ ಸೇರಿತು. ಬ್ಯೂಸಿಕ್ ಎಂಬಲ್ಲಿ ಕೆಲವೇ ದಿನಗಳಲ್ಲಿ 30 ಇಂಚಿಗೂ ಜಾಸ್ತಿ ಮಳೆ. ಮಡಿಕೇರಿಯವರಿಗೆ ಆ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಆಶ್‌ವಿಲ್‌ನಲ್ಲಿ ಫ್ರೆಂಚ್ ಬ್ರಾಡ್ ನದಿ 24 ಅಡಿಗೂ ಮೇಲೆ ಏರಿ, 1916ರ ಮಹಾಪೂರದ ದಾಖಲೆಯನ್ನೂ ದಾಟಿತು. ಭೂಕುಸಿತಗಳು 2,000ಕ್ಕೂ ಹೆಚ್ಚು. ನಾರ್ತ್ ಕ್ಯಾರೊಲೈನಾ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ಇಷ್ಟಾದ ಗುಡ್ಡ ಒಂದೆರಡು ವರ್ಷದಲ್ಲಿ ಗಟ್ಟಿಯಾಗುವುದಿಲ್ಲ. ಮಣ್ಣನ್ನು ಹಿಡಿದಿದ್ದ ಮರಗಳೇ ಬಿದ್ದುಹೋಗಿವೆ.

ಐ-40 ಕಥೆಯೇ ಇದಕ್ಕೆ ಸಾಕ್ಷಿ. ಟೆನೆಸೀ ಗಡಿಯ ಹತ್ತಿರ ಪಿಜನ್ ನದಿ ಆ ಹೆದ್ದಾರಿಯ ಪೂರ್ವಕ್ಕೆ ಹೋಗುವ ಲೇನ್‌ಗಳನ್ನು ಕೊರೆದು ಒಯ್ದಿತು. 2025ರ ಮಾರ್ಚ್ 1ರಂದು ಎರಡೂ ಕಡೆಗೆ ಒಂದೊಂದೇ ಲೇನ್ ಬಿಟ್ಟು ತೆರೆದರು. ವೇಗಮಿತಿ ಗಂಟೆಗೆ 35 ಮೈಲಿ. ಅದೇ ಜೂನ್‌ನಲ್ಲಿ ಮಳೆ ಸುರಿದು ಬಂಡೆ ಉರುಳಿ ಮತ್ತೆ ಮುಚ್ಚಿತು. ದೊಡ್ಡ ದುರಸ್ತಿ 2028ರವರೆಗೂ ನಡೆಯುತ್ತದೆ. ಅಕ್ಟೋಬರ್ ವಾರಾಂತ್ಯದಲ್ಲಿ ಆ ಕಿರಿದಾದ ಲೇನಿನಲ್ಲಿ ಲಾರಿಗಳ ನಡುವೆ ತೆವಳುತ್ತಾ ವಾಪಸ್ ಬರುವುದು ನಿಮಗೆ ಬೇಡ. ಹಾಗಾದರೆ ಗ್ಯಾಟ್ಲಿನ್‌ಬರ್ಗ್‌ಗೆ ಇಳಿಯುವುದೂ ಬೇಡ. ಅಲ್ಲಿ ಇರುವುದು ಹೆಚ್ಚಾಗಿ ಅಂಗಡಿ, ಟ್ರಾಫಿಕ್ ಮತ್ತು ಪ್ಯಾನ್‌ಕೇಕ್. (ಗ್ಯಾಟ್ಲಿನ್‌ಬರ್ಗ್ ಪ್ರಿಯರು ನನ್ನ ಮೇಲೆ ಸಿಟ್ಟಾಗಬಹುದು, ಆಗಲಿ.)

ಚಿಮ್ನಿ ರಾಕ್ ಅನ್ನೂ ಈ ಪ್ರವಾಸದಿಂದ ಕೈಬಿಡಿ. ಆ ಸ್ಟೇಟ್ ಪಾರ್ಕ್ 2025ರ ಜೂನ್ ಕೊನೆಯಲ್ಲಿ ತೆರೆಯಿತು ನಿಜ. ಆದರೆ ಅದು ಇರುವ ಹಿಕರಿ ನಟ್ ಕಣಿವೆಯಲ್ಲಿ ಬ್ರಾಡ್ ನದಿ ಊರನ್ನೂ ರಸ್ತೆಯನ್ನೂ ಒಟ್ಟಿಗೇ ಹೊತ್ತೊಯ್ದಿತ್ತು. ಅಲ್ಲಿಂದ ಬ್ಯಾಟ್ ಕೇವ್ ಮೇಲೆ ಆಶ್‌ವಿಲ್‌ಗೆ ಏರುವ 74ಎ ರಸ್ತೆ ಕೊಚ್ಚಿಹೋದದ್ದೂ ಅಲ್ಲೇ. ರಸ್ತೆ ಪೂರ್ತಿ ಸರಿಯಿದ್ದ ಕಾಲದಲ್ಲೇ ಅದು ದೊಡ್ಡ ಗಾಡಿಗೆ ಹೇಳಿಸಿದ್ದಲ್ಲ. ಷಾರ್ಲಟ್‌ನಿಂದ ಸುಮಾರು ಎರಡು ಗಂಟೆಯ ದಾರಿ. ಇನ್ನೊಂದು ಶನಿವಾರ ಕಾರಿನಲ್ಲಿ ಹೋಗಿ ಬನ್ನಿ. ಬಂಡೆಯ ತುದಿಗೆ 499 ಮೆಟ್ಟಿಲು. ಕಲ್ಲಿನ ಒಳಗೇ ಕೊರೆದ ಲಿಫ್ಟ್ ಒಂದಿದೆ. ಅದು ಆ ದಿನ ಓಡುತ್ತಿದೆಯೇ ಎಂದು ಫೋನ್ ಮಾಡಿ ಕೇಳಿ, ಆಮೇಲೆ ಅಮ್ಮನನ್ನು ಕರೆದುಕೊಂಡು ಹೊರಡಿ.

ಬ್ಲೂ ರಿಡ್ಜ್ ಪಾರ್ಕ್‌ವೇ 469 ಮೈಲಿಯ ಸೊಗಸಾದ ರಸ್ತೆ. ಹೆಲೀನ್ ಅದನ್ನು ಹತ್ತಾರು ಕಡೆ ಮುರಿಯಿತು. ಲಿನ್‌ವಿಲ್ ಫಾಲ್ಸ್‌ನ ಸಂದರ್ಶಕರ ಕೇಂದ್ರ ಇದ್ದ ಜಾಗದಲ್ಲಿ ಏನೂ ಉಳಿಯಲಿಲ್ಲ. ತುಂಡು ತುಂಡಾಗಿ ತೆರೆಯುತ್ತಾ ಬಂದಿದ್ದಾರೆ. 2026ರ ಶರತ್ಕಾಲಕ್ಕೆ ಎಲ್ಲ ಮುಗಿಸುವುದು ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಗುರಿ. ಅವರ ವೆಬ್‌ಸೈಟಿನಲ್ಲಿ ಯಾವ ಮೈಲಿಗಲ್ಲಿನಿಂದ ಯಾವ ಮೈಲಿಗಲ್ಲಿಗೆ ತೆರೆದಿದೆ ಎಂಬ ಪಟ್ಟಿ ಇರುತ್ತದೆ. ಮೊಬೈಲ್ ಮ್ಯಾಪ್ ನಂಬುವ ಬದಲು ಅದನ್ನು ನೋಡಿ. ನಿಮಗೆ ಇನ್ನೊಂದು ತೊಡಕು ಇದೆ, ಅದಕ್ಕೂ ಪ್ರವಾಹಕ್ಕೂ ಸಂಬಂಧವಿಲ್ಲ. ಪಾರ್ಕ್‌ವೇಯಲ್ಲಿ 26 ಸುರಂಗಗಳಿವೆ. ಕಮಾನಿನ ಆಕಾರ, ಅಂಚಿಗೆ ಬಂದಂತೆ ಎತ್ತರ ಕಡಿಮೆ. ಚೆರೋಕೀ ಕಡೆಯ ಬಂಚಸ್ ಬಾಲ್ಡ್ ಸುರಂಗದಲ್ಲಿ ಅಂಚಿನ ಬಿಳಿ ಗೆರೆಯ ಮೇಲೆ ಸಿಗುವುದು ಬರೀ 10 ಅಡಿ 6 ಇಂಚು. ನೆತ್ತಿಯ ಮೇಲೆ ಎಸಿ ಹೊತ್ತ ಮೋಟರ್‌ಹೋಮ್ ಸಾಮಾನ್ಯವಾಗಿ ಅದಕ್ಕಿಂತ ಎತ್ತರ. ಬಾಡಿಗೆ ಕೊಡುವವರು ಹೇಳುವ ಎತ್ತರದಲ್ಲಿ ಎಸಿ ಸೇರಿದೆಯೇ ಎಂದು ಕೇಳಿ. ಅದನ್ನು ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಎದುರು ಅಂಟಿಸಿಕೊಳ್ಳಿ.

ನನ್ನ ಸಲಹೆ ಇಷ್ಟು. ಮೋಟರ್‌ಹೋಮ್ ಇಡೀ ವಾರ ಓಡುವುದು ಬೇಡ, ಒಂದು ಕಡೆ ನಿಂತು ಮನೆಯಾಗಲಿ. ಒಬ್ಬರು ಅದನ್ನು ಓಡಿಸಿ, ಇನ್ನೊಬ್ಬರು ನಿಮ್ಮ ಕಾರನ್ನು ಹಿಂದೆ ತನ್ನಿ. ಕಾರನ್ನು ಮೋಟರ್‌ಹೋಮ್‌ಗೆ ಕಟ್ಟಿ ಎಳೆಯಬೇಡಿ. ಹಾಗೆ ಕಟ್ಟಿದ ಮೇಲೆ ರಿವರ್ಸ್ ಹೋಗುವುದು ಹೆಚ್ಚುಕಡಿಮೆ ಆಗದ ಮಾತು. ಷಾರ್ಲಟ್‌ನಿಂದ ಐ-85, ಶೆಲ್ಬಿ ಮೇಲೆ ಯುಎಸ್-74, ಕೊಲಂಬಸ್ ಹತ್ತಿರ ಐ-26 ಹಿಡಿದು ಆಶ್‌ವಿಲ್. ಅಲ್ಲಿಂದ ಐ-40ರಲ್ಲಿ ಪಶ್ಚಿಮಕ್ಕೆ ಸ್ವಲ್ಪ ದೂರ ಹೋಗಿ, ಪಿಜನ್ ಕಣಿವೆ ಬರುವ ಮುಂಚೆಯೇ 27ನೇ ಎಕ್ಸಿಟ್‌ನಲ್ಲಿ ಮತ್ತೆ ಯುಎಸ್-74ಕ್ಕೆ ಇಳಿದರೆ ವೇನ್ಸ್‌ವಿಲ್, ಸಿಲ್ವಾ, ಚೆರೋಕೀ. ಎಲ್ಲವೂ ಅಗಲವಾದ ರಸ್ತೆಗಳು. ಬಂದ ದಾರಿಯಲ್ಲೇ ವಾಪಸ್. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬರಬೇಡಿ, ಗೇರ್ ಇಳಿಸಿ.

ಚೆರೋಕೀ ಅಥವಾ ಬ್ರೈಸನ್ ಸಿಟಿ ಸುತ್ತ ಗಾಡಿ ನಿಲ್ಲಿಸಿ. ಉಳಿದದ್ದು ಕಾರಿನಲ್ಲಿ. ಒಂದು ಸಂಜೆ ಪಾರ್ಕ್‌ವೇ ಮೇಲೆ ವಾಟರ್‌ರಾಕ್ ನಾಬ್‌ಗೆ ಹೋಗಿ ಸೂರ್ಯಾಸ್ತ ನೋಡಬಹುದು. ಆ ತಗ್ಗು ಸುರಂಗ ಇರುವುದು ಈ ದಾರಿಯಲ್ಲೇ, ಕಾರಿಗೆ ಅದರ ಚಿಂತೆ ಇಲ್ಲ. ಇನ್ನೊಂದು ದಿನ ನ್ಯೂಫೌಂಡ್ ಗ್ಯಾಪ್, 5,046 ಅಡಿ ಎತ್ತರ. ನೋಟ ಕಾರು ನಿಲ್ಲಿಸಿದ ಕಡೆಯೇ ಸಿಗುತ್ತದೆ, ಅಮ್ಮ ಹತ್ತಬೇಕಿಲ್ಲ. ಒಕೊನಲಫ್ಟೀ ಹತ್ತಿರದ ಹುಲ್ಲುಗಾವಲಿಗೆ ಬೆಳಗ್ಗೆ, ಸಂಜೆ ಎಲ್ಕ್‌ಗಳು ಬರುತ್ತವೆ. ನಮ್ಮ ಕಡವೆಯ ಬಳಗದ ಇನ್ನೂ ದೊಡ್ಡ ಪ್ರಾಣಿ. ಈ ಸೀಮೆಯಲ್ಲಿ ನಿರ್ನಾಮವಾಗಿದ್ದ ಅವನ್ನು 2001ರಲ್ಲಿ ಮತ್ತೆ ತಂದು ಬಿಟ್ಟರು. ಅಕ್ಟೋಬರ್ ಅವುಗಳ ಬೆದೆಯ ಕಾಲ. ಗಂಡು ಕೂಗುವುದನ್ನು ಕೇಳಿದರೆ ಮಕ್ಕಳು ಮರೆಯುವುದಿಲ್ಲ. 50 ಗಜಕ್ಕಿಂತ ಹತ್ತಿರ ಹೋಗಬಾರದು ಎಂಬುದು ಕಾನೂನು. ಸ್ಮೋಕಿ ಬೆಟ್ಟಗಳ ರಾಷ್ಟ್ರೀಯ ಉದ್ಯಾನದಲ್ಲಿ 15 ನಿಮಿಷಕ್ಕಿಂತ ಜಾಸ್ತಿ ಗಾಡಿ ನಿಲ್ಲಿಸಲು ಪಾರ್ಕಿಂಗ್ ಟ್ಯಾಗ್ ಬೇಕು, ಮೊದಲೇ ಕೊಂಡಿಡಿ.

ಹೊಳೆ ಪಕ್ಕದ ಕ್ಯಾಂಪ್‌ಗ್ರೌಂಡ್ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಬೇಡ. ಬೆಟ್ಟದ ಸೀಮೆಯಲ್ಲಿ ಸಮತಟ್ಟಾದ ಜಾಗ ಸಿಗುವುದೇ ಹೊಳೆ ಪಕ್ಕ. ಅದಕ್ಕೇ ಕ್ಯಾಂಪ್‌ಗ್ರೌಂಡ್‌ಗಳೂ ಅಲ್ಲೇ. ಆ ಸಮತಟ್ಟು ನೆಲ ಆಗಿದ್ದು ಹಿಂದಿನ ಪ್ರವಾಹಗಳಿಂದಲೇ. ವೇನ್ಸ್‌ವಿಲ್ ಇರುವ ಹೇವುಡ್ ಕೌಂಟಿಯ (ನಮ್ಮ ಜಿಲ್ಲೆ ಇದ್ದಂತೆ) ಕ್ರೂಸೊದಲ್ಲಿ ಹೆಲೀನ್‌ಗೂ ಮೂರು ವರ್ಷ ಮುಂಚೆ, 2021ರ ಆಗಸ್ಟ್‌ನಲ್ಲಿ, ಫ್ರೆಡ್ ಚಂಡಮಾರುತದ ಮಳೆಗೆ ನದಿ ಉಕ್ಕಿ ಕ್ಯಾಂಪ್‌ಗ್ರೌಂಡಿನ ಟ್ರೇಲರ್‌ಗಳು ಕೊಚ್ಚಿಹೋದವು. ಆ ಕೌಂಟಿಯಲ್ಲಿ ಆರು ಜನ ಸತ್ತರು. 2025ರ ಜುಲೈ 4ರ ಬೆಳಗಿನ ಜಾವ ಟೆಕ್ಸಸ್‌ನ ಗ್ವಾಡಲೂಪ್ ನದಿ 45 ನಿಮಿಷದಲ್ಲಿ ಸುಮಾರು 26 ಅಡಿ ಏರಿತು. ದಡದ ಆರ್‌ವಿ ಪಾರ್ಕ್‌ಗಳಲ್ಲಿ (ಮೋಟರ್‌ಹೋಮ್ ನಿಲ್ಲಿಸುವ ತಾಣ) ಮಲಗಿದ್ದವರು ಗಾಡಿ ಸಮೇತ ಕೊಚ್ಚಿಹೋದರು. ಮೋಟರ್‌ಹೋಮ್ ನಿಂತಾಗ ಅದಕ್ಕೆ ಕರೆಂಟ್ ವೈರು, ನೀರಿನ ಪೈಪು, ಕೊಳಚೆ ಪೈಪು ಎಲ್ಲ ಸಿಕ್ಕಿಸಿರುತ್ತದೆ. ನಡುರಾತ್ರಿ ಇವನ್ನೆಲ್ಲ ಬಿಚ್ಚಿ ಹೊರಡಲು ಅನುಭವಿಗಳಿಗೂ ಹೊತ್ತು ಬೇಕು. ನೀರು ಅಷ್ಟು ಹೊತ್ತು ಕಾಯುವುದಿಲ್ಲ.

ಆದ್ದರಿಂದ ಬುಕ್ ಮಾಡುವ ಮುಂಚೆ ಫೋನ್ ಮಾಡಿ. ಜಾಗ ಹೊಳೆಯಿಂದ ಎಷ್ಟು ಎತ್ತರದಲ್ಲಿದೆ? ಹೆಲೀನ್‌ನಲ್ಲಿ ಅಲ್ಲಿಗೆ ನೀರು ಬಂದಿತ್ತೇ? ಒಳಬರಲು ಇರುವುದು ಒಂದೇ ಸೇತುವೆಯೇ, ಬೇರೆ ದಾರಿ ಉಂಟೇ? ಆ ಪ್ರವಾಹದಲ್ಲಿ ಸಾವಿರಾರು ಖಾಸಗಿ ರಸ್ತೆ, ಸೇತುವೆಗಳು ಹಾಳಾಗಿ ಮನೆಗಳಿಗೇ ದಾರಿ ಇಲ್ಲದಂತಾಗಿತ್ತು. ಮನೆ ಕಳಕೊಂಡವರು ಆ ಕ್ಯಾಂಪ್‌ಗ್ರೌಂಡಿನಲ್ಲಿ ಈಗಲೂ ವಾಸವಿದ್ದಾರೆಯೇ ಎಂಬುದನ್ನೂ ಕೇಳಿ. ಹಾಗಿದ್ದರೆ ಬೇರೆ ಕಡೆ ನೋಡಿ. ಗಾಡಿಯ ಮೂತಿ ಹೊರಗಿನ ಕಡೆಗೆ ಇರುವಂತೆ ನಿಲ್ಲಿಸಿ. ಕಾರಿನ ಕೀ ಕೈಗೆ ಸಿಗುವಲ್ಲಿ ಇರಲಿ. ಅಂಥ ಹೊತ್ತು ಬಂದರೆ ಮೋಟರ್‌ಹೋಮ್ ಅಲ್ಲೇ ಬಿಟ್ಟು ಎತ್ತರಕ್ಕೆ ನಡೆಯಿರಿ. ಬಾಡಿಗೆ ಗಾಡಿ, ಇನ್ಶೂರೆನ್ಸ್ ನೋಡಿಕೊಳ್ಳುತ್ತದೆ. (ನೋಡಿಕೊಳ್ಳುತ್ತದೆಯೇ ಎಂದು ಸಹಿ ಹಾಕುವ ಮುಂಚೆ ಓದಿ. ಪ್ರವಾಹದ ಹಾನಿ, ಮಣ್ಣಿನ ರಸ್ತೆ, ಮುಚ್ಚಿದ ರಸ್ತೆ, ಈ ಮೂರರ ಬಗ್ಗೆ ಲಿಖಿತವಾಗಿ ಉತ್ತರ ಪಡೆಯಿರಿ.)

ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ನಮ್ಮದು ಭಾರದ ಗಾಡಿ ಎಂಬ ಧೈರ್ಯ ಬೇಡ. ಒಂದು ಅಡಿ ಹರಿಯುವ ನೀರು ಹೆಚ್ಚಿನ ಕಾರುಗಳನ್ನು ಎತ್ತುತ್ತದೆ, ಎರಡು ಅಡಿ ನೀರು ದೊಡ್ಡ ವಾಹನಗಳನ್ನೂ ತಳ್ಳಿಕೊಂಡು ಹೋಗುತ್ತದೆ. ನೀರಿನ ಕೆಳಗೆ ರಸ್ತೆ ಉಳಿದಿದೆಯೋ ಇಲ್ಲವೋ, ಅದೂ ಕಾಣುವುದಿಲ್ಲ. ಹೆಲೀನ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ದಿನಗಟ್ಟಲೆ ಸತ್ತಿತ್ತು. ಬ್ಯಾಟರಿಯಲ್ಲಿ ನಡೆಯುವ ಹವಾಮಾನ ರೇಡಿಯೊ ಒಂದನ್ನು ಇಟ್ಟುಕೊಳ್ಳಿ, ಕಾಗದದ ನಕಾಶೆಯೂ ಇರಲಿ. ಗಾಡಿಯ ನೀರಿನ ಟ್ಯಾಂಕ್ ಷಾರ್ಲಟ್‌ನಲ್ಲೇ ತುಂಬಿಸಿ. ಆಶ್‌ವಿಲ್‌ನ ನಲ್ಲಿ ನೀರು ಮತ್ತೆ ಕುಡಿಯಲು ಯೋಗ್ಯವಾಗಿದ್ದು 2024ರ ನವೆಂಬರ್ 18ಕ್ಕೆ. ಅದು ಈಗ ಸರಿಹೋಗಿದೆ, ಆದರೂ ತುಂಬಿದ ಟ್ಯಾಂಕ್ ಇದ್ದರೆ ಎರಡು ದಿನ ಎಲ್ಲೇ ಸಿಕ್ಕಿಕೊಂಡರೂ ನಡೆಯುತ್ತದೆ.

ಗಾಡಿಯ ಒಳಗಿನ ಸಣ್ಣಪುಟ್ಟ ವಿಷಯ. ಆರೂ ಜನಕ್ಕೆ ಸೀಟ್ ಬೆಲ್ಟ್ ಇದೆಯೇ ನೋಡಿ, ಮಲಗಲು ಆರು ಜಾಗ ಇದ್ದ ಮಾತ್ರಕ್ಕೆ ಬೆಲ್ಟ್ ಆರು ಇರಬೇಕೆಂದಿಲ್ಲ. ಡ್ರೈವರ್ ತಲೆಯ ಮೇಲಿನ ಹಾಸಿಗೆಗೆ ಏಣಿ ಹತ್ತಬೇಕು, ಅದು ಮಕ್ಕಳಿಗೆ. ಹಿಂದಿನ ಮಂಚ ಅಮ್ಮನಿಗೆ. ಒಗ್ಗರಣೆ ಹಾಕುವಾಗ ಕಿಟಕಿ ತೆರೆದು ಫ್ಯಾನ್ ಹಾಕಿ, ಇಲ್ಲದಿದ್ದರೆ ಸಾಸಿವೆ ಸಿಡಿಯುವ ಮುಂಚೆ ಹೊಗೆ ಅಲಾರಂ ಕೂಗುತ್ತದೆ.

ಕೊನೆಯದಾಗಿ ದಿನಾಂಕ. ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ನವೆಂಬರ್ 30ರವರೆಗೆ ಇದೆ. ಹಣ ವಾಪಸ್ ಸಿಗುವಂಥ ಬುಕಿಂಗ್ ಮಾತ್ರ ಮಾಡಿ. ಹೊರಡುವ ಮೂರು ದಿನ ಮುಂಚೆ ಆ ಬೆಟ್ಟಗಳಿಗೆ ಪ್ರವಾಹದ ಮುನ್ಸೂಚನೆ ಬಂದರೆ ಚರ್ಚೆ ಮಾಡದೆ ಮುಂದಕ್ಕೆ ಹಾಕಿ. ಬಣ್ಣ ತಪ್ಪಿಹೋಗುತ್ತದೆ ಎಂಬ ಚಿಂತೆ ಬೇಡ. ಎತ್ತರದ ಬೆಟ್ಟಗಳಲ್ಲಿ ಎಲೆ ಅಕ್ಟೋಬರ್ ಮೊದಲಿಗೇ ತಿರುಗುತ್ತದೆ, ಚೆರೋಕೀಯಂಥ ತಗ್ಗಿನ ಕಡೆ ನವೆಂಬರ್ ಮೊದಲ ವಾರದವರೆಗೂ ಇರುತ್ತದೆ. ಆಗ ಜನವೂ ಕಡಿಮೆ. ರಾತ್ರಿ ಚಳಿ ಜಾಸ್ತಿ, ಅಪ್ಪ ಅಮ್ಮನಿಗೆ ಕಂಬಳಿ ಎರಡೆರಡು ಇಟ್ಟುಕೊಳ್ಳಿ.