ರಾಜಕೀಯದ ಗಂಧವೇ ಇಲ್ಲದ ಸಿನಿಮಾ ನಟರಿಗೆ ಜನ ಯಾಕೆ ಮತ ಹಾಕುತ್ತಾರೆ?

ಹಳೇ ಪಕ್ಷಗಳ ಮೇಲಿನ ಬೇಸರವೇ ದೊಡ್ಡ ಕಾರಣ. ಆಂಧ್ರದ ಮಡಕಶಿರಾ, ಹಿಂದೂಪುರದ ಕಡೆಯ ಕನ್ನಡಿಗರಾದ ನಮಗೆ ತೆಲುಗು ನಟ ಎನ್.ಟಿ. ರಾಮರಾವ್ ಉದಾಹರಣೆ ಕಣ್ಣ ಮುಂದೆಯೇ ಇದೆ. 1978ರಿಂದ ಐದೇ ವರ್ಷದಲ್ಲಿ ಕಾಂಗ್ರೆಸ್ ಆಂಧ್ರಕ್ಕೆ ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟಿತ್ತು. 1982ರ ಮಾರ್ಚ್‌ನಲ್ಲಿ ತೆಲುಗು ದೇಶಂ ಪಕ್ಷ ಕಟ್ಟಿದ ರಾಮರಾವ್ 1983ರ ಜನವರಿಯಲ್ಲಿ ಮುಖ್ಯಮಂತ್ರಿಯಾದರು. ರಾಮ, ಕೃಷ್ಣನ ಪಾತ್ರಗಳಿಂದ ಮುಖ ಮನೆಮನೆಗೂ ಗೊತ್ತಿತ್ತು, ಹಗರಣದ ಮಸಿ ಅಂಟಿರಲಿಲ್ಲ, ಅಭಿಮಾನಿ ಸಂಘಗಳೇ ಕಾರ್ಯಕರ್ತರಾದವು. ಜೊತೆಗೆ ಎರಡು ರೂಪಾಯಿಗೆ ಕಿಲೋ ಅಕ್ಕಿಯ ಭರವಸೆ! ಬಡವರ ಪಾಲಿಗೆ ಅದು ಸಣ್ಣ ಮಾತಲ್ಲ. ಹಾಗಾಗಿ ‘ಬಣ್ಣ ನೋಡಿ ಮತ ಹಾಕಿದರು’ ಎಂದು ಮತದಾರರನ್ನು ಹೀಯಾಳಿಸುವುದನ್ನು ನಾನು ಒಪ್ಪುವುದಿಲ್ಲ.

2009ರಲ್ಲಿ ಚಿರಂಜೀವಿ ಸಭೆಗಳಿಗೂ ಜನ ಕಿಕ್ಕಿರಿದಿದ್ದರು. ಆದರೆ ಅವರ ಪಕ್ಷ ಪ್ರಜಾರಾಜ್ಯಂಗೆ ವಿಧಾನಸಭೆಯಲ್ಲಿ ಸಿಕ್ಕಿದ್ದು 294ರಲ್ಲಿ 18 ಸ್ಥಾನ. ಯಾಕೆಂದರೆ ಆಗಿನ ರಾಜಶೇಖರ ರೆಡ್ಡಿಯವರ ಕಾಂಗ್ರೆಸ್ ಸರ್ಕಾರದ ಮೇಲೆ ಜನರಿಗೆ ಅಂಥ ಸಿಟ್ಟು ಇರಲಿಲ್ಲ.