ಹೊಸ ದ್ವೀಪದಲ್ಲಿ ಮೊದಲ ಮಧ್ಯಾಹ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ನಾವು ಐವರು, ಅಂದರೆ ನಾನು, ನನ್ನ ಪತಿ, ಇಬ್ಬರು ಮಕ್ಕಳು ಹಾಗೂ ಮಂಡಿನೋವಿರುವ ನಮ್ಮ ಅತ್ತೆಯವರು, ಹನ್ನೆರಡು ದಿನಗಳ ಅಂಡಮಾನ್ ಪ್ರವಾಸಕ್ಕೆ ಹೊರಟಿದ್ದೇವೆ. ಪೋರ್ಟ್ ಬ್ಲೇರ್ ಮತ್ತು ಹ್ಯಾವ್‌ಲಾಕ್ ನೋಡಿಕೊಂಡು ಒಂಬತ್ತನೆಯ ದಿನ ಮಧ್ಯಾಹ್ನ ನೀಲ್ ದ್ವೀಪಕ್ಕೆ ಬಂದಿಳಿಯುತ್ತೇವೆ. ದ್ವೀಪ ಚಿಕ್ಕದಾದ್ದರಿಂದ ಅಂದೇ ಎಲ್ಲ ಕಡಲತೀರಗಳನ್ನೂ ನೋಡಿ ಮುಗಿಸಬಹುದೆಂದು ಪರಿಚಯದವರು ಹೇಳುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದ್ವೀಪ ಚಿಕ್ಕದು ಎಂಬುದು ನಿಜ, ಆದರೆ ಅಲ್ಲಿನ ಮಧ್ಯಾಹ್ನ ಅದಕ್ಕಿಂತಲೂ ಚಿಕ್ಕದು ಎಂಬುದನ್ನು ನಿಮ್ಮ ಪರಿಚಯದವರು ಮರೆತಂತಿದೆ. ನಮ್ಮ ಗಡಿಯಾರಗಳು ಪೂರ್ವ ರೇಖಾಂಶ 82.5 ಡಿಗ್ರಿಗೆ ಹೊಂದಿಕೊಂಡಿವೆ, ಅಂಡಮಾನ್ ಇರುವುದು 93 ಡಿಗ್ರಿಯ ಸಮೀಪದಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ, ಶಿವಮೊಗ್ಗಕ್ಕಿಂತ ಒಂದು ಗಂಟೆಗೂ ಹೆಚ್ಚು ಮೊದಲೇ ಅಲ್ಲಿ ಸೂರ್ಯ ನೆತ್ತಿಗೆ ಬರುತ್ತಾನೆ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ ಆದ್ದರಿಂದ, ಡಿಸೆಂಬರ್‌ನಲ್ಲಿ ಸಂಜೆ 5 ಗಂಟೆಯ ಆಸುಪಾಸಿಗೆಲ್ಲ ಸೂರ್ಯಾಸ್ತವಾಗಿಬಿಡುತ್ತದೆ. ಜೆಟ್ಟಿಯಲ್ಲಿಳಿದು, ಕೋಣೆ ಸೇರಿ, ಊಟ ಮುಗಿಸುವಷ್ಟರಲ್ಲಿ ನಿಮ್ಮ ಕೈಯಲ್ಲಿ ಎರಡು ಗಂಟೆಯ ಬೆಳಕು ಉಳಿದಿದ್ದರೆ ಹೆಚ್ಚು.

ಆ ಎರಡು ಗಂಟೆಯನ್ನು ಎಲ್ಲಿ ಕಳೆಯಬೇಕೆಂಬುದನ್ನು ಸಮುದ್ರವನ್ನೇ ಕೇಳಬೇಕು. ಕೋಣೆಯ ಬೀಗದ ಕೈ ಪಡೆಯುವಾಗಲೇ ಅಂದಿನ ಉಬ್ಬರ ಇಳಿತದ ಹೊತ್ತನ್ನು ವಿಚಾರಿಸಿ ಬರೆದಿಟ್ಟುಕೊಳ್ಳಿ. ನನ್ನ ಮಟ್ಟಿಗೆ ಹೊಸ ದ್ವೀಪದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು, ನೋಡತಕ್ಕ ಸ್ಥಳಗಳ ಪಟ್ಟಿ ಆಮೇಲಿನದು. ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಕುಂದಾಪುರದ ಕಡೆ ಸಂಬಂಧಿಕರಿದ್ದರೆ ಭರತ ಇಳಿತದ ಈ ಲೆಕ್ಕವನ್ನು ಅವರೇ ನಿಮಗೆ ಚೆನ್ನಾಗಿ ವಿವರಿಸಿಯಾರು. ಮನೆಯ ಪಂಚಾಂಗವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಬಹಳ ಏರಿ ಬಹಳ ಇಳಿಯುತ್ತದೆ, ಅಷ್ಟಮಿಯ ಹೊತ್ತಿಗೆ ಈ ಏರಿಳಿತ ತಗ್ಗಿರುತ್ತದೆ.

ಇದೆಲ್ಲ ಏಕೆಂದರೆ, ನೀಲ್ ದ್ವೀಪದ ಪ್ರಸಿದ್ಧ ಕಲ್ಲಿನ ಕಮಾನು, ಅಂದರೆ ಹೌರಾ ಬ್ರಿಜ್ ಎಂದೂ ಕರೆಯಲಾಗುವ ಸಹಜ ಸೇತುವೆ, ನೀರು ಇಳಿದಾಗ ಮಾತ್ರ ನಡೆದು ತಲುಪುವಂಥದ್ದು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆಸಿದ ಕುಟುಂಬಗಳ ಊರಿದು. ಹೆಸರಿನಲ್ಲಿ ಕಲ್ಕತ್ತೆಯ ನೆನಪು ಬಂದದ್ದು ಹಾಗೆ. ಇಳಿತದ ಹೊತ್ತಿಗೆ ಅಲ್ಲಿಗೆ ಹೋದರೆ ಬಂಡೆಗಳ ನಡುವಿನ ಹೊಂಡಗಳಲ್ಲಿ ಸಣ್ಣ ಮೀನುಗಳನ್ನೂ ಏಡಿಗಳನ್ನೂ ಮಕ್ಕಳು ಬೇಸರವಿಲ್ಲದೆ ನೋಡುತ್ತ ನಿಲ್ಲುತ್ತಾರೆ. ಅದೇ ಹೊತ್ತಿನಲ್ಲಿ ಜೆಟ್ಟಿಯ ಪಕ್ಕದ ಭರತ್‌ಪುರ ತೀರಕ್ಕೆ ಈಜಲು ಹೋದರೆ ಮೊಣಕಾಲು ಮುಳುಗದಷ್ಟು ನೀರು, ಕಾಲಡಿ ಹವಳದ ಚೂರು. ಅಲ್ಲಿಗೆ ಉಬ್ಬರವೇ ಬೇಕು. ಆದ್ದರಿಂದ ಒಂದೇ ಮಧ್ಯಾಹ್ನದಲ್ಲಿ ಇವೆರಡನ್ನೂ ಚೆನ್ನಾಗಿ ನೋಡುವುದು ಕಷ್ಟ.

ಕಮಾನಿನ ದಾರಿ ಪಾಚಿ ಹಿಡಿದ, ಜಾರುವ ಬಂಡೆಗಳದು. ನಿಮ್ಮ ಅತ್ತೆಯವರನ್ನು ದಯವಿಟ್ಟು ಅಲ್ಲಿಗೆ ಕರೆದೊಯ್ಯಬೇಡಿ. ಇಳಿದ ದಿನ ಎಲ್ಲರೂ ಸೂರ್ಯಾಸ್ತಕ್ಕೆ ಲಕ್ಷ್ಮಣಪುರ ತೀರಕ್ಕೆ ಹೋಗಿ ಮರಳಿನಲ್ಲಿ ಸುಮ್ಮನೆ ಕುಳಿತು ಬನ್ನಿ. ಸೀತಾಪುರ ತೀರವನ್ನು ಮರುದಿನದ ಸೂರ್ಯೋದಯಕ್ಕೆ ಇಟ್ಟುಕೊಳ್ಳಿ. ಅದಕ್ಕೆ ಐದು ಗಂಟೆಗೇ ಏಳಬೇಕಾದೀತು, ಆದರೆ ರಾತ್ರಿ ಬೇಗ ಆವರಿಸುವ ಊರಿನಲ್ಲಿ ಬೇಗ ಮಲಗುವುದೇನೂ ಕಷ್ಟವಲ್ಲ.

ಇನ್ನೊಂದು ಮಾತು. ಟಿಕೆಟ್ಟಿನಲ್ಲಿ ಶಹೀದ್ ದ್ವೀಪ ಎಂದಿದ್ದರೆ ಗಾಬರಿಯಾಗಬೇಡಿ. 2018ರ ಡಿಸೆಂಬರ್‌ನಲ್ಲಿ ನೀಲ್ ಶಹೀದ್ ದ್ವೀಪವೂ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವೂ ಆದವು, 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಜನರ ಬಾಯಲ್ಲಿ ಹಳೆಯ ಹೆಸರುಗಳು ಇನ್ನೂ ಉಳಿದಿವೆ.

ಪ್ರಶ್ನೆ: ಮಕ್ಕಳು ಆಯ್ದ ಚಿಪ್ಪು ಮತ್ತು ಹವಳದ ತುಂಡುಗಳನ್ನು ನೆನಪಿಗೆಂದು ಮನೆಗೆ ತರಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಬೇಡ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಕೆಲವು ಜಾತಿಯ ಚಿಪ್ಪುಗಳಿಗೂ ಇದೆ. ಯಾವುದಕ್ಕೆ ಇದೆ, ಯಾವುದಕ್ಕೆ ಇಲ್ಲ ಎಂದು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಿಂತು ವಾದಿಸುವುದಕ್ಕಿಂತ ಎಲ್ಲವನ್ನೂ ತೀರದಲ್ಲೇ ಬಿಟ್ಟು ಬರುವುದು ಮೇಲು. ಸಮುದ್ರ ದಡಕ್ಕೆ ತಂದು ಹಾಕಿದ ಖಾಲಿ ಚಿಪ್ಪೇ ಸನ್ಯಾಸಿ ಏಡಿಗೆ ಮನೆ. ಅದು ಮನೆ ಹೊತ್ತು ಹರಿದಾಡುವುದನ್ನು ತೋರಿಸಿದರೆ ಮಕ್ಕಳು ತಾವಾಗಿಯೇ ಕೈಯಲ್ಲಿದ್ದುದನ್ನು ಕೆಳಗಿಟ್ಟಾರು.

ಪ್ರಶ್ನೆ: ಕೊನೆಯ ದಿನ ಬೆಳಿಗ್ಗೆ ಸ್ಕೂಬಾ ಡೈವಿಂಗ್ ಮಾಡಿ ಸಂಜೆಯ ವಿಮಾನ ಹಿಡಿಯಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕೂಡದು. ನೀರಿನಾಳದ ಒತ್ತಡದಲ್ಲಿ ಉಸಿರಾಡಿದಾಗ ದೇಹದಲ್ಲಿ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕು. ಅದಕ್ಕೆ ಮುಂಚೆಯೇ ವಿಮಾನದ ಕಡಿಮೆ ಒತ್ತಡಕ್ಕೆ ಏರಿದರೆ ಅದು ಗುಳ್ಳೆಗಳಾಗಿ ಅಪಾಯ ತಂದೊಡ್ಡುತ್ತದೆ. ನಡುವೆ ಒಂದು ಇಡೀ ದಿನ ಬಿಡಿ. ಹವಾಮಾನ ಕೆಟ್ಟರೆ ದ್ವೀಪಗಳ ನಡುವಿನ ಹಡಗುಗಳೂ ನಿಲ್ಲುವುದುಂಟು. ಹಾಗಾಗಿ ವಿಮಾನದ ಹಿಂದಿನ ರಾತ್ರಿಯನ್ನು ಶ್ರೀ ವಿಜಯಪುರಂನಲ್ಲೇ ಕಳೆಯುವಂತೆ ಹೊಂದಿಸಿಕೊಂಡರೆ ಎರಡೂ ಸಮಸ್ಯೆಗಳು ಒಟ್ಟಿಗೇ ತೀರುತ್ತವೆ.