ಬೆರಳಿಗೆ ಎಟುಕುವ ಪಾಠ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ನಲಿ-ಕಲಿ (ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ತರಗತಿ ನಡೆಸುತ್ತೇನೆ. ಈ ವರ್ಷ ಏಳು ವರ್ಷದ ಬಾಲಕಿಯೊಬ್ಬಳು ಸೇರಿದ್ದಾಳೆ. ಶ್ರವಣ ಸಾಧನ ಹಾಕಿದರೂ ಅವಳಿಗೆ ಅಷ್ಟಾಗಿ ಕೇಳಿಸುವುದಿಲ್ಲ. ಕಣ್ಣಿಗೆ ತೀರಾ ಹತ್ತಿರ ಹಿಡಿದರೆ ಮಾತ್ರ ವಸ್ತುಗಳು ಕಾಣುತ್ತವೆ. ಕಾರ್ಡುಗಳನ್ನು ಎ-3 ಹಾಳೆಗೆ ಹಿಗ್ಗಿಸಿ ಜೆರಾಕ್ಸ್ ಮಾಡಿಸಿದೆ, ಥರ್ಮಾಕೋಲಿನಲ್ಲಿ ಅಕ್ಷರಗಳನ್ನು ಕತ್ತರಿಸಿ ಕೊಟ್ಟೆ. ಅವಳು ಮುಟ್ಟಿ ನೋಡಿ ಪಕ್ಕಕ್ಕಿಡುತ್ತಾಳೆ. ಪಾಠವನ್ನು ಅವಳಿಗೆ ಹೊಂದಿಸುವುದು ಹೇಗೆ?
– ಒಬ್ಬ ಶಿಕ್ಷಕಿ

ಉತ್ತರ: ನಿಮ್ಮ ಶ್ರಮ ಸಣ್ಣದಲ್ಲ. ಆದರೆ ಎರಡೂ ಪ್ರಯತ್ನಗಳು ಕಣ್ಣಿದ್ದವರಿಗಾಗಿ ಮಾಡಿದ ಕಾರ್ಡನ್ನೇ ಹಿಡಿದು ಹೊರಟಿವೆ. ಮಗುವಿಗೆ ಏನು ಕಾಣುತ್ತದೆ, ಅವಳ ಕೈ ಏನನ್ನು ಬಲ್ಲದು ಎಂಬಲ್ಲಿಂದ ಹೊರಡಬೇಕಿತ್ತು. ದೃಷ್ಟಿ ಮತ್ತು ಶ್ರವಣ ಎರಡರ ದೋಷವೂ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಒಂದಿಷ್ಟು ನೋಟವೋ ಒಂದಿಷ್ಟು ಕೇಳ್ಮೆಯೋ ಉಳಿದಿರುತ್ತದೆ. ಆದ್ದರಿಂದ ಮೊದಲು ಕೆಲವು ದಿನ ಅವಳನ್ನು ಸುಮ್ಮನೆ ಗಮನಿಸಿ: ಯಾವ ಬಣ್ಣದ ಕಡೆ ತಿರುಗುತ್ತಾಳೆ, ಎಷ್ಟು ದೂರದಲ್ಲಿ ಹಿಡಿಯುತ್ತಾಳೆ, ತಲೆಯನ್ನು ಯಾವ ಬದಿಗೆ ವಾಲಿಸುತ್ತಾಳೆ, ಕಿಟಕಿಯ ಬೆಳಕು ಎದುರಿಗಿದ್ದರೆ ಕಣ್ಣು ಮುಚ್ಚುತ್ತಾಳೆಯೇ ಎಂಬುದನ್ನೆಲ್ಲ ಬರೆದಿಡಿ. ನೇತ್ರತಜ್ಞರ ವರದಿಗೆ ಈ ಟಿಪ್ಪಣಿ ಸೇರಿದಾಗಲೇ ಅದು ತರಗತಿಯಲ್ಲಿ ಉಪಯೋಗಕ್ಕೆ ಬರುತ್ತದೆ.

ಹಿಗ್ಗಿಸಿದ ಹಾಳೆಯ ತೊಂದರೆ ಇಷ್ಟು: ಅಕ್ಷರದ ಜೊತೆಗೆ ಕಾರ್ಡಿನ ಗಿಜಿಗುಡುವ ಚಿತ್ರ, ಅಂಚಿನ ಅಲಂಕಾರ, ಮೂಲೆಯ ಲೋಗೊ ಎಲ್ಲವೂ ದೊಡ್ಡದಾಗುತ್ತವೆ. ಅದಕ್ಕಿಂತ ಮುಖ್ಯವಾಗಿ, ರೆಟಿನೈಟಿಸ್ ಪಿಗ್ಮೆಂಟೋಸಾದಂತಹ ಕಾಯಿಲೆಯಿಂದ ದೃಷ್ಟಿಯ ಹರವು ಕಿರಿದಾದ ಮಗುವಿಗೆ ಅಕ್ಷರ ದೊಡ್ಡದಾದಷ್ಟೂ ಒಮ್ಮೆಗೆ ಕಾಣುವ ಭಾಗ ಕಡಿಮೆಯಾಗುತ್ತದೆ. ಕಾರ್ಡನ್ನು ಹಿಗ್ಗಿಸುವ ಬದಲು ಹೊಸದಾಗಿ ಬರೆಯಿರಿ. ಹೊಳಪಿಲ್ಲದ ತಿಳಿಹಳದಿ ಕಾಗದ, ಕಪ್ಪು ಮಾರ್ಕರಿನ ದಪ್ಪ ಗೆರೆ, ಒಂದು ಹಾಳೆಗೆ ಒಂದೇ ಪದ, ಸುತ್ತ ಖಾಲಿ ಜಾಗ. ಕಾರ್ಡು ಬಾಳಿಕೆ ಬರಲೆಂದು ಲ್ಯಾಮಿನೇಷನ್ ಮಾಡಿಸುವುದು ನಮ್ಮ ಶಾಲೆಗಳಲ್ಲಿ ರೂಢಿ. ಈ ಮಗುವಿನ ಕಾರ್ಡಿಗೆ ಮಾತ್ರ ಅದು ಬೇಡ, ಏಕೆಂದರೆ ಆ ಹೊಳಪಿನಲ್ಲಿ ಅಕ್ಷರವೇ ಮರೆಯಾಗುತ್ತದೆ. ಬೆಳಕು ಅವಳ ಹಿಂದಿನಿಂದ ಬರಲಿ, ನಿಮ್ಮ ಮುಖದ ಮೇಲೆ ಬೀಳಲಿ.

ಥರ್ಮಾಕೋಲಿನ ಅಕ್ಷರಗಳನ್ನು ನಿಲ್ಲಿಸಿಬಿಡಿ. ಬ್ರೈಲಿನ ಒಂದು ಕೋಶದಲ್ಲಿ ಆರು ಚುಕ್ಕಿಗಳಿಗೆ ಸ್ಥಾನವಿದೆ: ಎಡಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ 1, 2, 3, ಬಲಸಾಲಿನಲ್ಲಿ 4, 5, 6. ಚುಕ್ಕಿಗಳ ನಡುವಿನ ಅಂತರ ಸುಮಾರು 2.5 ಮಿಲಿಮೀಟರ್, ಅಂದರೆ ಇಡೀ ಅಕ್ಷರ ಒಂದೇ ಬೆರಳತುದಿಗೆ ಸಿಗುತ್ತದೆ. ಅಂಗೈಯಗಲದ ‘ಬ’ವನ್ನಾದರೆ ಬೆರಳು ಸುತ್ತಿ ಸುತ್ತಿ ಬಂದು ಮನಸ್ಸಿನಲ್ಲಿ ಜೋಡಿಸಿಕೊಳ್ಳಬೇಕು, ಆಮೇಲೂ ಅದು ‘ಭ’ ಅಲ್ಲವೆಂದು ತಿಳಿಯಲು ಕೆಳಗಿನ ಸೀಳನ್ನು ಹುಡುಕಬೇಕು. ಬ್ರೈಲಿನಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದೂ ಇಲ್ಲ: ‘ಅಮ್ಮ’ ಎಂಬುದು ಅ, ಸ್ವರವನ್ನು ತೆಗೆಯುವ ನಾಲ್ಕನೆಯ ಚುಕ್ಕಿ, ಮ, ಮ ಎಂದು ನಾಲ್ಕು ಕೋಶಗಳಲ್ಲಿ ಸಾಲಾಗಿ ಬರುತ್ತದೆ. ಗುಣಿತವೂ ಹಾಗೆಯೇ, ವ್ಯಂಜನದ ನಂತರ ಸ್ವರವನ್ನು ಇಟ್ಟರಾಯಿತು.

ಇಲ್ಲಿ ನಲಿ-ಕಲಿಯವರು ಗಮನಿಸಬೇಕಾದ ಒಂದು ವಿಷಯವಿದೆ. ನಿಮ್ಮ ಕಲಿಕಾ ಏಣಿ (ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕ್ರಮ) ‘ರ, ಗ, ಸ, ದ, ಅ’ದಿಂದ ಶುರುವಾಗಿ ‘ಜ, ವ, ಮ, ಬ, ನ’ಕ್ಕೆ ಹೋಗುವುದು ಮುದ್ರಿತ ಅಕ್ಷರಗಳ ಆಕಾರ ನೋಡಿ ಹಾಕಿದ ಕ್ರಮದಲ್ಲಿ. ಬ್ರೈಲಿನಲ್ಲಿ ಆ ಹೋಲಿಕೆಗೆ ಅರ್ಥವಿಲ್ಲ. ಅಲ್ಲಿ ಗೊಂದಲ ಹುಟ್ಟುವುದು ಬೇರೆ ಕಡೆ: ದ ಎಂದರೆ 1-4-5ನೆಯ ಚುಕ್ಕಿಗಳು, ಜ ಎಂದರೆ 2-4-5, ಹ ಎಂದರೆ 1-2-5, ಮೂರೂ ಒಂದೇ ಮೂಲೆಯಾಕಾರ, ತಿರುಗಿಸಿಟ್ಟಂತೆ ಇರುತ್ತವೆ. ಇ (2-4) ಮತ್ತು ಏ (1-5) ಒಂದಕ್ಕೊಂದು ಕನ್ನಡಿಯ ಬಿಂಬ. ಇವನ್ನು ಒಟ್ಟಿಗೆ ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ತನ್ನಿ. ಏಣಿಯ ಕ್ರಮ ತಪ್ಪಿತೆಂದು ಯಾರಾದರೂ ಆಕ್ಷೇಪಿಸಿದರೆ ಈ ಕಾರಣವನ್ನು ದಾಖಲೆಯಲ್ಲಿ ಬರೆದು ತೋರಿಸಿ.

ಆದರೆ ಅಕ್ಷರಕ್ಕೂ ಮೊದಲು ಪುಸ್ತಕ ಬೇಕು, ಅದೂ ಅವಳದೇ ಪುಸ್ತಕ. ಶಾಲೆಯಲ್ಲಿ ಹಾಲು ಕೊಡುವ ದಿನ ಅವಳು ಲೋಟ ಹಿಡಿಯುತ್ತಾಳೆ, ಬಿಸಿ ಅರಿಯುತ್ತಾಳೆ, ಕುಡಿಯುತ್ತಾಳೆ, ತೊಳೆಯುತ್ತಾಳೆ. ಅದನ್ನೇ ನಾಲ್ಕು ಪುಟ ಮಾಡಿ. ದಪ್ಪ ರಟ್ಟಿನ ಪುಟಕ್ಕೆ ಅವಳೇ ಬಳಸುವ ಚಿಕ್ಕ ಲೋಟವನ್ನು ದಾರದಿಂದ ಕಟ್ಟಿ, ಕೆಳಗೆ ‘ನನ್ನ ಲೋಟ’ ಎಂದು ಬ್ರೈಲಿನಲ್ಲೂ ದಪ್ಪ ಅಕ್ಷರದಲ್ಲೂ ಬರೆಯಿರಿ. ಕೊನೆಯ ಪುಟದಲ್ಲಿ ಪಾತ್ರೆ ತೊಳೆಯುವ ನಾರಿನ ತುಂಡು ಇರಲಿ. ಹಾಲಿನ ಪಾಠವೆಂದು ಪ್ಲಾಸ್ಟಿಕ್ ಹಸುವನ್ನು ಕೊಟ್ಟರೆ ಪ್ರಯೋಜನವಿಲ್ಲ. ಅದು ಕಣ್ಣಿಗಷ್ಟೇ ಹಸು. ಬೆರಳಿಗೆ ನಾಲ್ಕು ಕಡ್ಡಿ ಇರುವ ನುಣುಪಾದ ಗಟ್ಟಿ ವಸ್ತು. ಊರಿನ ಕೊಟ್ಟಿಗೆಗೆ ಕರೆದೊಯ್ದು ಹಸುವಿನ ಮೈ ಮುಟ್ಟಿಸಿದ್ದರೆ, ಅಲ್ಲಿ ಅವಳು ಹಿಡಿದ ಹಗ್ಗದ ತುಂಡೇ ಪುಟದ ಮೇಲೆ ಹಸುವಾಗುತ್ತದೆ. ತೋರಿಸುವಾಗ ಅವಳ ಕೈಯನ್ನು ಹಿಡಿದು ಎಳೆಯಬೇಡಿ. ನಿಮ್ಮ ಕೈ ಕೆಳಗಿರಲಿ, ಅವಳ ಕೈ ಮೇಲಿರಲಿ. ಬೇಡವಾದಾಗ ಕೈ ತೆಗೆಯುವ ಸ್ವಾತಂತ್ರ್ಯ ಆಗ ಅವಳಿಗೆ ಇರುತ್ತದೆ.

ದೊಡ್ಡ ಅಕ್ಷರವೋ ಬ್ರೈಲೋ ಎಂಬ ತೀರ್ಮಾನಕ್ಕೆ ಅವಸರ ಬೇಡ. ನೋಟ ಮುಂದೆ ಇನ್ನೂ ಕುಂದಬಹುದೆಂದು ವೈದ್ಯರು ಹೇಳಿದ್ದರೆ ಎರಡನ್ನೂ ಜೊತೆಯಲ್ಲೇ ಕಲಿಸಿ. ನಿಮ್ಮ ಕ್ಷೇತ್ರ ಸಂಪನ್ಮೂಲ ಕೇಂದ್ರದ (ಬಿ.ಆರ್.ಸಿ.) ವಿಶೇಷ ಶಿಕ್ಷಕರನ್ನು (ಬಿ.ಐ.ಇ.ಆರ್.ಟಿ.) ಮೊದಲ ತಿಂಗಳಲ್ಲೇ ಕರೆಸಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ದೃಷ್ಟಿ ಮತ್ತು ಶ್ರವಣ ಎರಡರ ದೋಷವನ್ನು ಬಹುವಿಧ ಅಂಗವೈಕಲ್ಯದಡಿ ಹೆಸರಿಸಿದೆ; ಕನಿಷ್ಠ ಶೇ. 40ರಷ್ಟು ಅಂಗವೈಕಲ್ಯವೆಂದು ಪ್ರಮಾಣಪತ್ರವಿರುವ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನಗಳನ್ನು ಉಚಿತವಾಗಿ ಕೊಡಬೇಕೆಂದೂ ಹೇಳಿದೆ. ಮನವಿಯನ್ನು ಲಿಖಿತವಾಗಿಯೇ ಕೊಡಿ.

ಪ್ರಶ್ನೆ: ನನ್ನ ಮಗನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ನಾಲ್ಕನೇ ತರಗತಿಯಲ್ಲಿದ್ದಾನೆ. ಮೊಬೈಲೇ ಪಾಠ ಓದಿ ಹೇಳುವಾಗ ಬ್ರೈಲ್ ಕಲಿಯುವ ಕಷ್ಟ ಏಕೆ ಎಂದು ನೆಂಟರು ಕೇಳುತ್ತಾರೆ.
– ಒಬ್ಬ ತಂದೆ, ಹಾವೇರಿ

ಉತ್ತರ: ಕೇಳಿ ಕಲಿತದ್ದು ವಿಷಯಜ್ಞಾನ, ಬರವಣಿಗೆ ಕಿವಿಯಿಂದ ಬರುವುದಿಲ್ಲ. ಶ ಎಲ್ಲಿ, ಷ ಎಲ್ಲಿ, ಮಹಾಪ್ರಾಣ ಎಲ್ಲಿ, ಪದ ಎಲ್ಲಿ ಒಡೆಯುತ್ತದೆ, ಅಲ್ಪವಿರಾಮ ಎಲ್ಲಿದೆ ಎಂಬುದನ್ನು ತಿಳಿಸದೆ ಮೊಬೈಲ್ ಓದಿಕೊಂಡು ಹೋಗಿಬಿಡುತ್ತದೆ. ಗಣಿತವಂತೂ ಬೆರಳಿಗೆ ಸಿಗದೆ ಸಾಗುವುದಿಲ್ಲ. ಧ್ವನಿಪುಸ್ತಕ ಇರಲಿ, ದೀರ್ಘ ಪಾಠಗಳಿಗೆ ಅದು ವೇಗದ ದಾರಿ. ಭಾಷೆ ಮತ್ತು ಗಣಿತವನ್ನು ಈ ವಯಸ್ಸಿನಲ್ಲಿ ಬ್ರೈಲಿನಲ್ಲೇ ಓದಿಸಿ.

ಪ್ರಶ್ನೆ: ನಾವು ಕೆಲವು ಗೆಳೆಯರು ಪಠ್ಯಪೂರಕ ಕಥೆಗಳನ್ನು ಟೈಪ್ ಮಾಡಿ ಬ್ರೈಲಿಗೆ ಕೊಡಬೇಕೆಂದಿದ್ದೇವೆ. ಕೃತಿಸ್ವಾಮ್ಯದ ತೊಡಕು ಬರುವುದೇ? ಟೈಪ್ ಮಾಡುವಾಗ ಏನು ಗಮನಿಸಬೇಕು?
– ಒಬ್ಬ ಓದುಗ, ಬೆಂಗಳೂರು

ಉತ್ತರ: 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ, ಅಂಗವಿಕಲರಿಗೆ ಓದಲು ಸಾಧ್ಯವಾಗುವ ರೂಪಕ್ಕೆ ಕೃತಿಯನ್ನು ಲಾಭದ ಉದ್ದೇಶವಿಲ್ಲದೆ ಪರಿವರ್ತಿಸಿ ಅವರಿಗೆ ತಲುಪಿಸಬಹುದು. ಮುದ್ರಿತ ಪುಸ್ತಕ ಓದಲಾಗದವರಿಗೆ ಇಂಥದೇ ವಿನಾಯಿತಿ ಕೊಡುವ ಅಂತರರಾಷ್ಟ್ರೀಯ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. ಟೈಪ್ ಮಾಡುವ ಮೊದಲು, ಮುದ್ರಿತ ಪುಸ್ತಕ ಓದಲಾಗದವರಿಗಾಗಿ ಇರುವ ಆನ್‌ಲೈನ್ ಗ್ರಂಥಾಲಯ ‘ಸುಗಮ್ಯ ಪುಸ್ತಕಾಲಯ’ದಲ್ಲಿ ಆ ಪುಸ್ತಕ ಈಗಾಗಲೇ ಇದೆಯೇ ನೋಡಿ, ಒಂದೇ ಪುಸ್ತಕವನ್ನು ಎರಡು ತಂಡಗಳು ಟೈಪ್ ಮಾಡಿ ದಣಿಯುವುದು ಅಪರೂಪವಲ್ಲ.

ಕಡತ ಯೂನಿಕೋಡಿನಲ್ಲೇ ಇರಬೇಕು. ಹಳೆಯ ‘ನುಡಿ’, ‘ಬರಹ’ ಫಾಂಟುಗಳ ಕಡತಗಳು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಸಂಕೇತಗಳೇ ಆಗಿರುವುದರಿಂದ, ಬ್ರೈಲ್ ತಂತ್ರಾಂಶ ಅವನ್ನು ಅರ್ಥವಿಲ್ಲದ ಚುಕ್ಕಿಗಳಾಗಿ ಮಾಡುತ್ತದೆ. ಚಿತ್ರವಿದ್ದಲ್ಲಿ ಕಥೆಗೆ ಬೇಕಾದಷ್ಟನ್ನು ಮಾತ್ರ ಒಂದೆರಡು ವಾಕ್ಯಗಳಲ್ಲಿ ವಿವರಿಸಿ. ‘ಚಿತ್ರ ನೋಡಿ ಉತ್ತರಿಸಿ’ ಎಂಬ ಪ್ರಶ್ನೆಯನ್ನು ಆ ವಿವರಣೆಯಿಂದ ಉತ್ತರಿಸುವಂತೆ ಬದಲಿಸಿ, ಆದರೆ ಉತ್ತರವೇ ವಿವರಣೆಯಲ್ಲಿ ಕುಳಿತುಬಿಡದಂತೆ ನೋಡಿಕೊಳ್ಳಿ. ಹಾಳೆಗೆ ಚುಕ್ಕಿ ಮೂಡಿಸುವ ಮುನ್ನ ಬ್ರೈಲ್ ಬಲ್ಲ ಒಬ್ಬರಿಂದ ಕೆಲವು ಪುಟಗಳನ್ನಾದರೂ ಓದಿಸಿ ನೋಡಿ, ಏಕೆಂದರೆ ಉಬ್ಬಾಗಿ ಮೂಡಿದ ತಪ್ಪನ್ನು ಅಳಿಸುವುದಕ್ಕಿಂತ ಹೊಸ ಹಾಳೆ ತೆಗೆದುಕೊಳ್ಳುವುದೇ ಸುಲಭ.